ಕೌಂಟಿ ಕರೋನರ್

ಕೌಂಟಿ ಕರೋನರ್ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳಲ್ಲಿ ಹಠಾತ್ತಾಗಿ, ಹಿಂಸೆಯಿಂದ ಅಥವಾ ಅನುಮಾನಾಸ್ಪದವಾಗಿ ಸಂಭವಿಸಿದ ಸಾವುಗಳ ವಿಚಾರಣೆ ನಡೆಸುವ ಸಾರ್ವಜನಿಕ ಅಧಿಕಾರಿ. ಕೌಂಟಿಯು ರಾಜ್ಯದೊಳಗಿನ ಆಡಳಿತ ಘಟಕವಾಗಿದ್ದು, ಸ್ಥೂಲವಾಗಿ ಭಾರತದ ಜಿಲ್ಲೆಯನ್ನು ಹೋಲುತ್ತದೆ.

ಇತಿಹಾಸ

ಈ ಹುದ್ದೆಯ ಮೂಲ ಇಂಗ್ಲೆಂಡಿನಲ್ಲಿದೆ. ಒಂದನೆಯ ರಿಚರ್ಡನ ಆಳ್ವಿಕೆಯಲ್ಲಿ, 1194ರಲ್ಲಿ, ರಾಜನ ಹಿತಕ್ಕೆ ಸಂಬಂಧಿಸಿದ ಮೊಕದ್ದಮೆಗಳ ದಾಖಲೆ ಇಡಲು ಕೌಂಟಿಗಳಲ್ಲಿ ಇದನ್ನು ಸ್ಥಾಪಿಸಲಾಯಿತು. ಕಿರೀಟ ಎಂಬ ಅರ್ಥದ ಲ್ಯಾಟಿನ್ ಪದ ‘ಕೊರೋನಾ’ದಿಂದ ಈ ಹೆಸರು ಬಂದಿದೆ. ದಂಡ ಮತ್ತು ಮುಟ್ಟುಗೋಲಿನ ಮೂಲಕ ರಾಜನ ಬೊಕ್ಕಸಕ್ಕೆ ಸಲ್ಲಬೇಕಾದುದನ್ನು ಕಾಯುವುದು ಆಗಿನ ಮುಖ್ಯ ಉದ್ದೇಶವಾಗಿತ್ತು. ಮುಂದೆ ಇಂಗ್ಲಿಷ್ ವಸಾಹತುಗಳೊಂದಿಗೆ ಈ ಪದ್ಧತಿ ಅಮೆರಿಕಕ್ಕೆ ಬಂದಿತು.

ಕರ್ತವ್ಯಗಳು

ಕರೋನರ್ ಮುಖ್ಯವಾಗಿ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಸಾವಿನ ಕಾರಣವೇನು ಮತ್ತು ಸಾವು ಸಂಭವಿಸಿದ ಬಗೆ ಯಾವುದು. ಎತ್ತರದಿಂದ ಬಿದ್ದು ಸತ್ತವನ ತಲೆಗಾದ ಪೆಟ್ಟು ಸಾವಿನ ಕಾರಣ. ಅವನು ಜಾರಿ ಬಿದ್ದನೇ, ತಾನೇ ಹಾರಿದನೇ, ಯಾರಾದರೂ ತಳ್ಳಿದರೇ ಎಂಬುದು ಸಾವಿನ ಬಗೆಗೆ ಸೇರಿದ ಪ್ರಶ್ನೆ. ಬಗೆಯನ್ನು ಸಾಮಾನ್ಯವಾಗಿ ಸಹಜ, ಅಪಘಾತ, ಆತ್ಮಹತ್ಯೆ, ಹತ್ಯೆ ಮತ್ತು ಅನಿರ್ಧಾರಿತ ಎಂದು ಐದಾಗಿ ವಿಂಗಡಿಸಲಾಗುತ್ತದೆ. ‘ಹತ್ಯೆ’ ಎಂದರೆ ಇನ್ನೊಬ್ಬರ ಕೃತ್ಯದಿಂದಾದ ಸಾವು ಎಂದಷ್ಟೇ ಅರ್ಥ. ಅದು ಅಪರಾಧವೇ ಎಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ.

ಮೃತರ ಗುರುತು ಪತ್ತೆ, ಬಂಧುಗಳಿಗೆ ತಿಳುವಳಿಕೆ, ಮರಣೋತ್ತರ ಪರೀಕ್ಷೆಗೆ ಆದೇಶ ಮತ್ತು ಮರಣ ಪ್ರಮಾಣಪತ್ರಕ್ಕೆ ಸಹಿ ಇತರ ಕರ್ತವ್ಯಗಳು. ಪೊಲೀಸ್ ತನಿಖೆ, ವಿಮೆಯ ಹಣ, ಸಾಂಕ್ರಾಮಿಕ ರೋಗದ ಪತ್ತೆ ಇವೆಲ್ಲವೂ ಆ ಪ್ರಮಾಣಪತ್ರವನ್ನು ಅವಲಂಬಿಸಬಹುದಾದ್ದರಿಂದ ಅದು ಬದುಕಿರುವವರಿಗೂ ಮಹತ್ವದ್ದು.

ಆಯ್ಕೆ ಮತ್ತು ಅರ್ಹತೆ

ಅನೇಕ ಕೌಂಟಿಗಳಲ್ಲಿ ಕರೋನರನ್ನು ಮತದಾರರು ಚುನಾಯಿಸುತ್ತಾರೆ. ಓಹಾಯೋ ರಾಜ್ಯದಲ್ಲಿ ಈ ಹುದ್ದೆಗೆ ಪರವಾನಗಿ ಪಡೆದ ವೈದ್ಯರೇ ಆಗಬೇಕು. ಇತರ ಹಲವು ರಾಜ್ಯಗಳಲ್ಲಿ ವೈದ್ಯಕೀಯ ಪದವಿ ಕಡ್ಡಾಯವಲ್ಲ. ಅಂಥ ಕಡೆ ಶವವನ್ನು ಪರೀಕ್ಷಿಸುವವರು ವಿಧಿವಿಜ್ಞಾನ ವೈದ್ಯರು. ಅಧಿಕೃತ ತೀರ್ಮಾನ ಮಾತ್ರ ಕರೋನರದು. ಇಂಡಿಯಾನಾ ರಾಜ್ಯದಲ್ಲಿ ಕೌಂಟಿಯ ಶೆರಿಫನನ್ನು ಬಂಧಿಸುವ ಅಧಿಕಾರವೂ ಕರೋನರಿಗಿದೆ.

ಟೀಕೆ ಮತ್ತು ಸುಧಾರಣೆ

ವೈದ್ಯಕೀಯ ತೀರ್ಮಾನವನ್ನು ಚುನಾಯಿತ ವ್ಯಕ್ತಿಗೆ ಬಿಡುವುದು ಬಹುಕಾಲದಿಂದ ಟೀಕೆಗೆ ಗುರಿಯಾಗಿದೆ. ಮ್ಯಾಸಚೂಸೆಟ್ಸ್ ರಾಜ್ಯವು 1877ರಲ್ಲಿಯೇ ಕರೋನರ್ ಹುದ್ದೆಯನ್ನು ರದ್ದುಪಡಿಸಿ, ವೈದ್ಯರೇ ಆಗಿರುವ ಮೆಡಿಕಲ್ ಎಕ್ಸಾಮಿನರುಗಳನ್ನು ನೇಮಿಸಿತು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿಯು ಈ ಬದಲಾವಣೆ ದೇಶದೆಲ್ಲೆಡೆ ಆಗಬೇಕೆಂದು ಶಿಫಾರಸು ಮಾಡಿತು.

ಕ್ಯಾಲಿಫೋರ್ನಿಯಾದ ಬಹಳಷ್ಟು ಕೌಂಟಿಗಳಲ್ಲಿ ಶೆರಿಫನೇ ಕರೋನರ್ ಆಗಿರುತ್ತಾನೆ. ಪೊಲೀಸರ ವಶದಲ್ಲಿ ಸಾವು ಸಂಭವಿಸಿದಾಗ ಇದು ಹಿತಾಸಕ್ತಿಗಳ ಸಂಘರ್ಷಕ್ಕೆ ಎಡೆಮಾಡುತ್ತದೆ. ಅಲ್ಲಿನ ಸ್ಯಾನ್ ವಾಕೀನ್ ಕೌಂಟಿಯಲ್ಲಿ ಇಬ್ಬರು ವೈದ್ಯರು ತಮ್ಮ ಕೆಲಸದಲ್ಲಿ ಹಸ್ತಕ್ಷೇಪವಾಗುತ್ತಿದೆಯೆಂದು ಆರೋಪಿಸಿ 2017ರಲ್ಲಿ ರಾಜೀನಾಮೆ ನೀಡಿದರು. ಮರುವರ್ಷ ಕೌಂಟಿ ಆಡಳಿತವು ಎರಡು ಹುದ್ದೆಗಳನ್ನು ಬೇರ್ಪಡಿಸಲು ನಿರ್ಧರಿಸಿತು.

ಭಾರತದಲ್ಲಿ

ಬ್ರಿಟಿಷ್ ಆಡಳಿತವು ಕರೋನರ್ ಪದ್ಧತಿಯನ್ನು ಭಾರತಕ್ಕೂ ತಂದಿತು. 1871ರ ಕರೋನರುಗಳ ಕಾಯ್ದೆಯಡಿ ಕಲ್ಕತ್ತಾ ಮತ್ತು ಬೊಂಬಾಯಿ ನಗರಗಳಲ್ಲಿ ಈ ಹುದ್ದೆಯಿತ್ತು. ಮುಂಬಯಿಯಲ್ಲಿ ಅದು 1999ರಲ್ಲಿ ಕೊನೆಗೊಂಡಿತು. ಈಗ ಕರ್ನಾಟಕವೂ ಸೇರಿದಂತೆ ದೇಶದಲ್ಲಿ ಅಸಹಜ ಸಾವುಗಳ ಶವಪಂಚನಾಮೆಯನ್ನು ಸಾಮಾನ್ಯವಾಗಿ ಪೊಲೀಸರು ನಡೆಸುತ್ತಾರೆ. ಪೊಲೀಸ್ ವಶದಲ್ಲಿ ಸಂಭವಿಸಿದ ಸಾವಿನ ವಿಚಾರಣೆ ಮ್ಯಾಜಿಸ್ಟ್ರೇಟರಿಗೆ ಸೇರಿದ್ದು.