ಒಂದು ಬಾಕ್ಸ್, ಎರಡು ಟಿ.ವಿ.

ಹಳೆಯ ಕೇಬಲ್ ಕಾಲದಲ್ಲಿ ಮನೆಯೊಳಗೆ ಒಂದು ತಂತಿ ಬಂದರೆ ಸಾಕಿತ್ತು. ಸ್ಪ್ಲಿಟರ್ ಹಾಕಿ ಹಾಲ್‌ಗೊಂದು, ರೂಮಿಗೊಂದು ಎಳೆದರೆ ಯಾರಿಗೆ ಬೇಕಾದ ಚಾನೆಲ್ ಅವರಿಗೆ ಸಿಗುತ್ತಿತ್ತು. ಚಾನೆಲ್ ಆರಿಸುವ ಟ್ಯೂನರ್ ಟಿ.ವಿ.ಯೊಳಗೇ ಇತ್ತಲ್ಲ! ಬೆಂಗಳೂರು, ಮೈಸೂರುಗಳಲ್ಲಿ 2013ರಲ್ಲಿ ಕೇಬಲ್ ಡಿಜಿಟಲ್ ಆದಾಗ ಆ ಕೆಲಸ ಸೆಟ್ ಟಾಪ್ ಬಾಕ್ಸ್‌ಗೆ ಹೋಯಿತು. ಬೀಗ ಹಾಕಿದಂತೆ ಬರುವ ನೂರಾರು ಚಾನೆಲ್‌ಗಳಲ್ಲಿ ನಾವು ಕೇಳಿದ್ದನ್ನಷ್ಟೇ ಅದು ಬಿಡಿಸಿಕೊಡುತ್ತದೆ. ಹಾಗಾಗಿ ಸಾಮಾನ್ಯ ಬಾಕ್ಸ್‌ನಿಂದ ಎಷ್ಟು ಟಿ.ವಿ.ಗಳಿಗೆ ತಂತಿ ಎಳೆದರೂ ಎಲ್ಲದರಲ್ಲೂ ಬರುವುದು ಅದೊಂದೇ ಚಾನೆಲ್. ಅಜ್ಜಿಗೆ ಧಾರಾವಾಹಿ, ಮೊಮ್ಮಗನಿಗೆ ಕ್ರಿಕೆಟ್ ಬೇಕಿದ್ದರೆ ಎರಡು ಬಾಕ್ಸ್ ಬೇಕೇ ಬೇಕು.

ಡಿಟಿಎಚ್ ಇರುವ ಮನೆಯಲ್ಲಿ ಡಿಶ್‌ನಿಂದ ಇಳಿದ ತಂತಿಯನ್ನೇ ಕವಲು ಮಾಡಿ ಎರಡು ಬಾಕ್ಸ್‌ಗೆ ಕೊಡಬಹುದಲ್ಲವೇ? ಇಲ್ಲೊಂದು ಸೊಗಸಾದ ತೊಡಕಿದೆ. ಡಿಶ್‌ನ ಎದುರಿಗೆ ಚಾಚಿಕೊಂಡಿರುವ ಎಲ್‌ಎನ್‌ಬಿ, ಉಪಗ್ರಹದ ಗಿಗಾಹರ್ಟ್ಸ್ ಲೆಕ್ಕದ ಅಲೆಗಳನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸುತ್ತದೆ. ಇಳಿಸದಿದ್ದರೆ ಅವು ತಂತಿಯಲ್ಲಿ ಬೇಗನೆ ಸೊರಗಿಹೋಗುತ್ತವೆ. ಎಲ್‌ಎನ್‌ಬಿಗೆ ಕರೆಂಟ್ ಸಿಗುವುದು ಬಾಕ್ಸ್‌ನಿಂದ, ಅದೇ ತಂತಿಯಲ್ಲಿ. ಆ ವೋಲ್ಟೇಜೇ ಅಪ್ಪಣೆಯೂ ಹೌದು: 13 ವೋಲ್ಟ್ ಕೊಟ್ಟರೆ ಲಂಬವಾಗಿ ಕಂಪಿಸುವ ಅಲೆ, 18 ಕೊಟ್ಟರೆ ಅಡ್ಡಡ್ಡ ಕಂಪಿಸುವ ಅಲೆ ಕೆಳಗಿಳಿಯುತ್ತದೆ. ಒಂದು ಬಾಕ್ಸ್ 13, ಇನ್ನೊಂದು 18 ಕಳಿಸಿದರೆ ಎಲ್‌ಎನ್‌ಬಿ ಹೆಚ್ಚಿನದಕ್ಕೇ ತಲೆಬಾಗುತ್ತದೆ, ಮತ್ತೊಂದು ಟಿ.ವಿ.ಯಲ್ಲಿ 'ನೋ ಸಿಗ್ನಲ್'. ಎರಡೂ ಬಗೆಯ ಅಲೆ ಬಳಸುವ ಸೇವೆಗಳಲ್ಲಿ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ, ಪ್ರತಿ ಬಾಕ್ಸ್‌ಗೂ ಬೇರೆ ತಂತಿ ಇಳಿಸುವುದೇ ಸರಿ. ಅಗ್ಗದ ಸ್ಪ್ಲಿಟರ್‌ಗೆ ದುಡ್ಡು ಸುರಿಯಬೇಡಿ. ಎರಡು ಕವಲಾದಾಗ ಸಿಗ್ನಲ್‌ನ ಬಲವೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಎರಡೂ ಕಡೆ ಒಂದೇ ಚಾನೆಲ್ ಸಾಕೆನ್ನುವವರಿಗೆ ಎಚ್‌ಡಿಎಂಐ ಸ್ಪ್ಲಿಟರ್ ಇದೆ. ಬಾಕ್ಸ್ ಪ್ರತಿ ಟಿ.ವಿ.ಯನ್ನೂ 'ನಿನಗೆ ಎಷ್ಟು ಸ್ಪಷ್ಟ ಚಿತ್ರ ತೋರಿಸಲಾದೀತು' ಎಂದು ಸ್ಪ್ಲಿಟರ್ ಮೂಲಕ ವಿಚಾರಿಸುತ್ತದೆ. ರೂಮಿನಲ್ಲಿ ಹಳೆಯ 720 ಗೆರೆಯ ಟಿ.ವಿ. ಇದ್ದರೆ ಹಾಲ್‌ನ ಹೊಸ ಟಿ.ವಿ.ಗೂ ಹಲವು ಸಲ ಅಷ್ಟೇ ಗುಣಮಟ್ಟದ ಚಿತ್ರ ಹೋಗುತ್ತದೆ. ದುಬಾರಿ ಟಿ.ವಿ. ಕೊಂಡವರಿಗೆ ಇದು ನಿಜಕ್ಕೂ ನಷ್ಟ. ಪ್ರತಿ ಟಿ.ವಿ.ಗೂ ಅದಕ್ಕೆ ತಕ್ಕ ಚಿತ್ರ ಕೊಡುವ ಸ್ಪ್ಲಿಟರ್‌ಗಳೂ ಸಿಗುತ್ತವೆ, ಕೇಳಿ ಕೊಳ್ಳಿ. ಉದ್ದ ಹತ್ತು ಹದಿನೈದು ಮೀಟರ್ ದಾಟಿದರೆ ಸಾಧಾರಣ ಎಚ್‌ಡಿಎಂಐ ತಂತಿ ಕೈಕೊಡುತ್ತದೆ. ಆಗ ನೆಟ್‌ವರ್ಕ್ ಕೇಬಲ್ ಬಳಸುವ ಎಕ್ಸ್‌ಟೆಂಡರ್ ಬೇಕು.

ಉಳಿದದ್ದು ರಿಮೋಟ್. ಅದರ ಅವಕೆಂಪು ಬೆಳಕು ಗೋಡೆ ದಾಟದು. ರೂಮಿನಲ್ಲಿ ಆ ಬೆಳಕನ್ನು ಹಿಡಿದು, ಸಣ್ಣ ತಂತಿಯಲ್ಲಿ ಹಾಲ್‌ಗೆ ಒಯ್ದು, ಬಾಕ್ಸ್‌ನ ಎದುರು ಮತ್ತೆ ಮಿನುಗಿಸುವ ಐಆರ್ ಎಕ್ಸ್‌ಟೆಂಡರ್ ಸಿಗುತ್ತದೆ. ಅದರ ತುದಿಯನ್ನು ಬಾಕ್ಸ್‌ನ ಸೆನ್ಸರಿಗೆ ನೇರವಾಗಿ ಅಂಟಿಸಬೇಕು.