ಬಣ್ಣ ನುಡಿಯುವ ಬಗೆ

ರಂಗದ ಮೇಲೆ ಬಂದು ನಿಂತ ಪಾತ್ರ ಎಂಥದೆಂಬುದನ್ನು ಪ್ರೇಕ್ಷಕನು ಎರಡು ಬಗೆಯಿಂದ ಅರಿಯುತ್ತಾನೆ. ಒಂದು, ಅದು ಆಡುವ ಮಾತು; ಇನ್ನೊಂದು, ಅದು ಧರಿಸಿದ ವೇಷ. ಮಾತು ಕಿವಿಗೆ ಬೀಳುವ ಮೊದಲೇ ವೇಷ ಕಣ್ಣಿಗೆ ಬೀಳುತ್ತದೆ. ಆದುದರಿಂದಲೇ ಸ್ವಭಾವವನ್ನು ಆಕಾರದಿಂದಲೂ ಬಣ್ಣದಿಂದಲೂ ಸೂಚಿಸುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ಬೆಳೆದುಬಂದಿದೆ. ಭರತನ ನಾಟ್ಯಶಾಸ್ತ್ರವು ಒಂದೊಂದು ರಸಕ್ಕೂ ಒಂದೊಂದು ವರ್ಣವನ್ನು ಹೇಳುತ್ತದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ.

ಕರ್ನಾಟಕದಲ್ಲಿ ಈ ಪದ್ಧತಿ ಸೊಗಸಾಗಿ ಅರಳಿರುವುದು ಕರಾವಳಿಯ ಯಕ್ಷಗಾನದಲ್ಲಿ. ಹಿಂದೆ ಆಟ ನಡೆಯುತ್ತಿದ್ದುದು ಬಯಲಿನಲ್ಲಿ, ದೀವಟಿಗೆಗಳ ಬೆಳಕಿನಲ್ಲಿ, ಇರುಳಿಡೀ. ದೂರದಲ್ಲಿ ಕುಳಿತವರಿಗೆ ಮುಖದ ಸೂಕ್ಷ್ಮ ಭಾವಗಳು ಕಾಣುತ್ತಿರಲಿಲ್ಲ. ಎತ್ತರದ ಕಿರೀಟ, ಅಗಲವಾದ ಭುಜಕೀರ್ತಿ, ಗಾಢವಾದ ಬಣ್ಣ ಇವು ಮಾತ್ರ ಕಾಣುತ್ತಿದ್ದವು. ಅಗತ್ಯದಿಂದ ಹುಟ್ಟಿದ ಈ ಏರ್ಪಾಡು ಕ್ರಮೇಣ ಒಂದು ಭಾಷೆಯೇ ಆಯಿತು.

ಈ ಭಾಷೆಯಲ್ಲಿ ಆಕಾರಕ್ಕೆ ಅರ್ಥವಿದೆ. ಬಡಗುತಿಟ್ಟಿನಲ್ಲಿ ರಾಜನ ಗಾಂಭೀರ್ಯಕ್ಕೆ ಕಿರೀಟ, ತರುಣನ ಚುರುಕಿಗೆ ಕೇದಗೆ ಮುಂದಲೆ, ಮಹಾವೀರನಿಗೆ ದೊಡ್ಡ ಮುಂಡಾಸು. ಕರ್ಣ, ಅರ್ಜುನರು ಪರಸ್ಪರ ವೈರಿಗಳು. ಆದರೂ ಇಬ್ಬರದೂ ಮುಂಡಾಸಿನ ವೇಷವೇ. ವೇಷವು ಹೇಳುವುದು ಪಕ್ಷವನ್ನಲ್ಲ, ಪರಾಕ್ರಮವನ್ನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತೆಂಕುತಿಟ್ಟಿನ ರಾಕ್ಷಸ ಪಾತ್ರಗಳಿಗೆ ‘ಬಣ್ಣದ ವೇಷ’ವೆಂದೇ ಹೆಸರು. ಇದರಲ್ಲಿ ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣಗಳೆಂಬ ಭೇದಗಳುಂಟು. ಅಕ್ಕಿಹಿಟ್ಟು, ಸುಣ್ಣಗಳನ್ನು ಕಲಸಿ, ಮುಖದ ಮೇಲೆ ಸಾಲುಸಾಲಾಗಿ ‘ಚಿಟ್ಟಿ’ಗಳನ್ನು ಇಡುತ್ತಾರೆ. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಕೊನೆಗೆ ಕಲಾವಿದನ ಸ್ವಂತ ಮುಖ ಮರೆಯಾಗಿ ಅದರ ಎರಡರಷ್ಟು ದೊಡ್ಡದೆನಿಸುವ ಉಗ್ರಮುಖವೊಂದು ಮೂಡುತ್ತದೆ. ಮೇರೆ ಮೀರಿದ ಸ್ವಭಾವಕ್ಕೆ ಮೇರೆ ಮೀರಿದ ಮುಖ!

ಬೀದರ ನಗರದ ಚಿದ್ರಿಯಲ್ಲಿ ಓದುವ ವಿದ್ಯಾರ್ಥಿಗೆ ಕರಾವಳಿಯ ಈ ಆಟ ದೂರದ್ದೆನಿಸಬಹುದು. ಆದರೆ ಅವನ ಊರಿನ ಬಿದರಿ ಕಲೆಯಲ್ಲಿಯೂ ಇದೇ ತತ್ತ್ವ ಅಡಗಿದೆ. ಸತು, ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣು ಬಳಸಿ ಲೋಹವನ್ನು ಕಪ್ಪಾಗಿಸುತ್ತಾರೆ. ಆ ಕಪ್ಪಿಲ್ಲದಿದ್ದರೆ ಬೆಳ್ಳಿಯ ಬಳ್ಳಿ ಹೊಳೆಯದು. ಬಣ್ಣದ ವೇಷದಲ್ಲಿಯೂ ಕಪ್ಪು, ಕೆಂಪುಗಳ ನಡುವೆಯೇ ಬಿಳಿಯ ಚಿಟ್ಟಿ ಎದ್ದು ಕಾಣುವುದು.

ಹಾಗಾದರೆ ಕಪ್ಪು ಕೆಡುಕಿನ ಗುರುತೇ? ಅಲ್ಲ. ನಾವು ಆರಾಧಿಸುವ ರಾಮನೂ ಕೃಷ್ಣನೂ ಶ್ಯಾಮವರ್ಣದವರು. ರಂಗದ ಬಣ್ಣ ಭಾವದ ಗುರುತೇ ಹೊರತು ಮನುಷ್ಯರ ಮೈಬಣ್ಣದ ಅಳತೆಗೋಲಲ್ಲ. ಇದನ್ನು ಮರೆತು, ಬೀದಿಯಲ್ಲಿ ಕಾಣುವ ಮನುಷ್ಯನ ಗುಣವನ್ನು ಅವನ ಮೈಬಣ್ಣದಿಂದ ಅಳೆಯಹೊರಡುವುದು ಕಲೆಗೂ ಮನುಷ್ಯತ್ವಕ್ಕೂ ಮಾಡುವ ಅಪಚಾರ. ರಂಗದ ಮೇಲೆ ಕೂಡ ವೇಷ ಮೊದಲ ಪರಿಚಯವಷ್ಟೆ. ಭೀಕರ ವೇಷದ ರಾವಣನು ಬಾಯಿ ತೆರೆದಾಗ ಅವನ ಪಾಂಡಿತ್ಯ, ಬಂಧುಪ್ರೇಮಗಳೂ ಹೊರಹೊಮ್ಮುತ್ತವೆ. ಆಗ ಪ್ರೇಕ್ಷಕನು ಅವನಿಗಾಗಿ ಮರುಗುವುದೂ ಉಂಟು.

ಯಕ್ಷಗಾನದ ಈ ಸಂಪತ್ತನ್ನು ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಗ್ರಂಥದಲ್ಲಿ ವಿವೇಚಿಸಿದರು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇಂದು ದೀವಟಿಗೆಯ ಸ್ಥಾನದಲ್ಲಿ ವಿದ್ಯುದ್ದೀಪವಿದೆ. ಇರುಳಿಡೀ ನಡೆಯುವ ಆಟದ ಜೊತೆಗೆ ಕೆಲವೇ ಗಂಟೆಗಳ ಕಾಲಮಿತಿಯ ಪ್ರಯೋಗಗಳೂ ಬಂದಿವೆ. ಬದಲಾವಣೆ ಸಹಜ. ಆದರೆ ಅರ್ಥವರಿಯದೆ ಒಂದು ಬಣ್ಣವನ್ನು ಬಿಡುವುದೆಂದರೆ ನುಡಿಯೊಳಗಿನ ಒಂದು ಪದವನ್ನು ಅಳಿಸಿದಂತೆ. ಪದಗಳು ಒಂದೊಂದಾಗಿ ಅಳಿದರೆ ನುಡಿಯೇ ಮೂಕವಾಗುತ್ತದೆ. ಆ ನುಡಿಯನ್ನು ಓದಲು ಕಲಿತ ಪ್ರೇಕ್ಷಕನೇ ಅದರ ನಿಜವಾದ ರಕ್ಷಕ.