ಆಟದ ಗೆಳೆಯರಿಗೆ ಕೆಂಡದ ಊಟ

ಆನ್‌ಲೈನ್‌ನಲ್ಲಿ ತಂಡ ಕಟ್ಟಿ ಆಡುವವರಿಗೆ ಜೊತೆಗಾರನ ದನಿ ಗೊತ್ತು, ಮುಖ ಗೊತ್ತಿರುವುದಿಲ್ಲ. ಪಬ್‌ಜಿಯಲ್ಲಿ ಗೆದ್ದವರಿಗೆ ಪರದೆಯ ಮೇಲೆ ಸಿಗುವ ಬಹುಮಾನವೂ ‘ಚಿಕನ್ ಡಿನ್ನರ್’ ಎಂಬ ಮಾತು ಮಾತ್ರ. ನಿಜವಾದ ಊಟ ಬಡಿಸುವುದು ನಮ್ಮ ಕೆಲಸ.

ಇಂಥ ತಂಡ ಮೊದಲ ಸಲ ಭೇಟಿಯಾದಾಗ ಬಾರ್ಬೆಕ್ಯೂ ಒಳ್ಳೆಯದು. ತಟ್ಟೆ ಊಟ ಬೇಗ ಮುಗಿಯುತ್ತದೆ. ಕೆಂಡದ ಮೇಲಿನ ತಿನಿಸು ನಿಧಾನವಾಗಿ ಬೇಯುತ್ತದೆ, ಕಡ್ಡಿ ತಿರುಗಿಸುತ್ತ ಮಾತು ಬೆಳೆಯುತ್ತದೆ. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಬಾರ್ಬೆಕ್ಯೂ ನೇಷನ್, ಮೇಜಿನಲ್ಲೇ ಒಲೆ ಇಟ್ಟು ಬೆಳೆಯಿತು.

ಪುಣೆಗೆ ಇದು ಹೊಸದಲ್ಲ. ಚಳಿಗಾಲದಲ್ಲಿ ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ತಿನ್ನುವ ಹುರಡಾ ಇಲ್ಲಿಯದು. ನಮ್ಮ ವಿಜಯಪುರ, ಧಾರವಾಡದ ಕಡೆ ಅದೇ ಸೀತನಿ. ಶೇಂಗಾ ಚಟ್ನಿ, ಬೆಲ್ಲ, ಮೊಸರು ಜೊತೆಗಿದ್ದರೆ ಸಸ್ಯಾಹಾರಿ ಹೋಟೆಲಿಗೂ ಹೊಂದುತ್ತದೆ. ಪನೀರ್, ಗೆಣಸು, ಅನಾನಸ್ ಸೇರಿಸಬಹುದು.

ಆದರೆ ಎಚ್ಚರ: ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣವನ್ನೇ ತೆಗೆಯಬಲ್ಲದು. ಬೂದಿ ಮುಚ್ಚಿದ ಕೆಂಡದಿಂದಲೂ ಅದು ಬರುತ್ತದೆ. ಮುಚ್ಚಿದ ಎ.ಸಿ. ಹಾಲ್‌ನಲ್ಲಿ ಇದ್ದಿಲು ಹಚ್ಚಬೇಡಿ. ತೆರೆದ ಜಾಗವಿರಲಿ, ಇಲ್ಲವೇ ಹೊಗೆ ಎಳೆಯುವ ಸರಿಯಾದ ವ್ಯವಸ್ಥೆ ಇರಲಿ. ಮರಳಿನ ಬಕೆಟ್ ಹತ್ತಿರದಲ್ಲಿರಲಿ. ಸಸ್ಯಾಹಾರಕ್ಕೆ ಕಡ್ಡಿ, ಚಿಮಟ, ಒಲೆ ಪ್ರತ್ಯೇಕವಾಗಿರಲಿ. ನಂಬಿ ಬಂದ ತಂಡವೇ ಮತ್ತೊಂದು ತಂಡವನ್ನು ಕರೆತರುತ್ತದೆ.